ಸೋಮವಾರದ ನೊಗ

ಪರಮಪೂಜ್ಯ ಹೊಲದಜ್ಜನವರು ಮಠ ಕಟ್ಟಲಿಲ್ಲ, ಗದ್ದುಗೆ ಏರಲಿಲ್ಲ. ಬಿತ್ತನೆಯ ಕಾಲಕ್ಕೆ ಒಬ್ಬರ ಹೊಲ, ಕಳೆ ಕೀಳುವ ಕಾಲಕ್ಕೆ ಇನ್ನೊಬ್ಬರ ಹೊಲ, ಸುಗ್ಗಿಗೆ ಮತ್ತೊಬ್ಬರ ಕಣ; ಎಲ್ಲಿ ದುಡಿಮೆಯೋ ಅಲ್ಲಿಯೇ ಅವರ ವಾಸ್ತವ್ಯ. ಹೆಗಲ ಮೇಲೊಂದು ಕಂಬಳಿ, ಕೊರಳಲ್ಲಿ ಇಷ್ಟಲಿಂಗ, ಇಷ್ಟೇ ಅವರ ಸಂಪತ್ತು. ಪೂರ್ವಾಶ್ರಮದ ಹೆಸರು ಕೇಳಿದರೆ ನಕ್ಕು ಸುಮ್ಮನಾಗುತ್ತಿದ್ದರಂತೆ. ಡೋಣಿ ಹೊಳೆಯ ದಂಡೆಯ ಎರೆಹೊಲಗಳ ಜನ ಪ್ರೀತಿಯಿಂದ ಹೊಲದಜ್ಜ ಎಂದು ಕರೆದರು, ಆ ಹೆಸರೇ ಉಳಿಯಿತು.

ಆ ವರ್ಷ ಉತ್ತರಿ ಮಳೆಯ ಹೊತ್ತಿಗೆ ಅವರು ಗೊಲ್ಲಾಳಪ್ಪನ ಹೊಲದ ಗುಡಿಸಲಿನಲ್ಲಿ ಇಳಿದುಕೊಂಡಿದ್ದರು. ಈ ಗೊಲ್ಲಾಳಪ್ಪನ ವಿಷಯ ಸ್ವಲ್ಪ ಹೇಳಬೇಕು. ದಿಬ್ಬದ ಮೇಲೆ ನಾಲ್ಕೆಕರೆ ಹೊಲ, ಹೆಂಡತಿ ಬೋರವ್ವ, ಎರಡು ಎತ್ತು, ಇಷ್ಟು ಅವನ ಸಂಸಾರ. ಕೆಟ್ಟವನಲ್ಲ. ಆದರೆ ಮೈಮೇಲೆ ಇರುವೆ ಹರಿದವನ ಹಾಗೆ ಸದಾ ಚಡಪಡಿಸುವ ಜೀವ. ಬಿತ್ತುವಾಗ ಕಳೆಯ ಚಿಂತೆ, ಕಳೆ ಕೀಳುವಾಗ ಸುಗ್ಗಿಯ ಚಿಂತೆ, ಸುಗ್ಗಿ ಮುಗಿಯುವ ಮೊದಲೇ ಮುಂದಿನ ಮಳೆಯ ಚಿಂತೆ. ಅವನು ಕುಳಿತು ಒಂದು ರೊಟ್ಟಿಯನ್ನು ಪೂರ್ತಿ ತಿಂದದ್ದನ್ನು ಬೋರವ್ವ ಕಂಡಿರಲಿಲ್ಲ. ಅಜ್ಜನವರಿಗೆ ಗುಡಿಸಲು ಬಿಟ್ಟುಕೊಟ್ಟದ್ದೂ ಅವಳ ಒತ್ತಾಯಕ್ಕೇ. ಜಪದಿಂದ ಜೋಳ ಬೆಳೆಯುವುದಿಲ್ಲ ಎಂಬುದು ಅವನ ಗಟ್ಟಿ ನಂಬಿಕೆ.

ಮಳೆ ಶನಿವಾರ ಬಿಟ್ಟಿತು. ಭಾನುವಾರ ಮಣ್ಣು ಕಾಲಿಗೆ ಮೆತ್ತಿಕೊಳ್ಳುತ್ತಿತ್ತು. ಸೋಮವಾರ ಬೆಳಗ್ಗೆ ಗೊಲ್ಲಾಳಪ್ಪ ಒಂದು ಮುಷ್ಟಿ ಮಣ್ಣು ಹಿಸುಕಿ ನೋಡಿದ. ಬಿತ್ತುವ ಹದ ಬಂದಿತ್ತು. ಜೊತೆಗೆ ಒಣಗಾಳಿಯೂ ಬೀಸತೊಡಗಿತ್ತು. ತಗ್ಗಿನ ಹೊಲದವರಿಗೆ ಇನ್ನೆರಡು ದಿನ ಪುರುಸೊತ್ತಿತ್ತು. ದಿಬ್ಬದ ಮಣ್ಣು ಹಾಗಲ್ಲ, ಬೇಗ ಆರುತ್ತದೆ. ಹಿಂದಿನ ವರ್ಷ ಒಂದು ದಿನ ತಡವಾಗಿ ಅರ್ಧ ಹೊಲ ಮೊಳೆಯಲೇ ಇಲ್ಲ. ಬೋರವ್ವ ತವರಿನಿಂದ ಜೋಳ ತಂದು ರೊಟ್ಟಿ ಬಡಿದಳು. ಆ ಅವಮಾನವನ್ನು ಅವನು ಇನ್ನೂ ಮರೆತಿರಲಿಲ್ಲ.

ಆದರೆ ಆ ಸೀಮೆಯಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಅದು ಬಸವಣ್ಣನ ವಾರ. ಊರಿನ ಎತ್ತುಗಳೆಲ್ಲ ಅಂದು ಮನೆಯಲ್ಲಿ ಮೆಲುಕು ಹಾಕುತ್ತಾ ಮಲಗಿರುತ್ತವೆ. ಮೇಲಾಗಿ ಗೊಲ್ಲಾಳಪ್ಪನ ಕೆಂದೆತ್ತಿನ ಹೆಗಲು ಕಿತ್ತು ಹಸಿಗಾಯವಾಗಿತ್ತು.

"ಇವತ್ತ ಸೋಮಾರ ಐತ್ರಿ. ನಾಳೆ ಹೂಡಿದ್ರಾತು," ಎಂದಳು ಬೋರವ್ವ.

"ನಾಳಿಗಿ ಹದಾ ಇರ್ತೈತೇನ? ಸೋಮಾರ ನೋಡಕೋತ ಕುಂತ್ರ ಈ ವರ್ಷಾನೂ ನಿಮ್ಮಪ್ಪನ ಮನಿ ಜೋಳಾನ ಗತಿ!" ಎಂದು ಗದರಿ, ಎತ್ತುಗಳನ್ನು ಹೊಲಕ್ಕೆ ಹೊಡೆದುಕೊಂಡು ಬಂದು ಬೀಜ ಬಿತ್ತುವ ಕೂರಿಗೆಗೆ ಹೂಡಿಯೇಬಿಟ್ಟ.

ಪೂಜೆ ಮುಗಿಸಿ ಗುಡಿಸಲಿನಿಂದ ಹೊರಬಂದ ಅಜ್ಜನವರು ಇದನ್ನು ನೋಡಿದರು. ಎತ್ತುಗಳನ್ನು ನೊಗದಿಂದ ಬಿಚ್ಚಿ, ಬೇವಿನ ನೆರಳಿಗೆ ಒಯ್ದು ಕಟ್ಟಿದರು. ಹಿಂತಿರುಗಿ ಬಂದು, ನೊಗದ ನಡುವೆ ನಿಂತು ಅದಕ್ಕೆ ಎದೆ ಕೊಟ್ಟರು.

"ಸೋಮಾರ ಎತ್ತಿಗೆ ತಮ್ಮಾ, ನನಗಲ್ಲ. ಕೂರಿಗಿ ಹಿಡಿ."

ಬೇರೆ ಯಾರಾದರೂ ಆಗಲೇ ಕಾಲಿಗೆ ಬೀಳುತ್ತಿದ್ದರು. ಗೊಲ್ಲಾಳಪ್ಪ ನೋಡಿದ್ದು ಏರುವ ಬಿಸಿಲನ್ನು. ನಾಲ್ಕು ಸಾಲು ಎಳೆದು ಸುಸ್ತಾದರೆ ತಾವೇ ಬಿಟ್ಟು ಹೋಗುತ್ತಾರೆ, ಆಮೇಲೆ ಎತ್ತು ಹೂಡಿದರಾಯಿತು ಎಂದುಕೊಂಡ. ಎಂಥ ಅವಸರ ನೋಡಿ! ಒಂದು ಕೈಯಲ್ಲಿ ಕೂರಿಗೆ ಹಿಡಿದ. ಇನ್ನೊಂದು ಕೈ ರೂಢಿಯಂತೆ ಬಾರುಕೋಲನ್ನೂ ಎತ್ತಿಕೊಂಡಿತು. ಹಿಂದೆಯೇ ಹೊಲಕ್ಕೆ ಬಂದಿದ್ದ ಬೋರವ್ವ ಉಡಿಯ ಬೀಜವನ್ನು ಕೂರಿಗೆಯ ಬಟ್ಟಲಿಗೆ ಬಿಡುತ್ತಾ, ತಲೆ ತಗ್ಗಿಸಿ ಜೊತೆಗೆ ನಡೆದಳು.

ಒಂದು ಸಾಲಾಯಿತು, ಎರಡಾಯಿತು. ಮೂರನೆಯದರ ನಡುವೆ ಹೆಂಟೆಗಳು ಅಡ್ಡ ಬಂದು ಪೂಜ್ಯರ ಹೆಜ್ಜೆ ನಿಧಾನವಾಯಿತು. ಗೊಲ್ಲಾಳಪ್ಪನ ಮನಸ್ಸು ಹೊಲದ ಆಚೆ ತುದಿಯಲ್ಲಿತ್ತು, ಗಾಳಿಯಲ್ಲಿತ್ತು, ಆರುವ ಮಣ್ಣಿನಲ್ಲಿತ್ತು.

"ಹಾ! ನಡೀ!" ಎಂದಿತು ಬಾಯಿ. ಬಾಯಿಯ ಹಿಂದೆಯೇ ಕೈ ಎದ್ದಿತು. ಬಾರುಕೋಲು ಅಜ್ಜನವರ ಬರಿಬೆನ್ನ ಮೇಲೆ ಚಟಾರನೆ ಬಿತ್ತು.

ಇದನ್ನು ಬರೆಯುವಾಗಲೂ ಎದೆ ಝಲ್ಲೆನ್ನುತ್ತದೆ. "ಅಯ್ಯಯ್ಯೋ, ನನ್ನ ಶಿವನ!" ಎಂದು ಬೋರವ್ವ ಚೀರಿದಳು. ಗೊಲ್ಲಾಳಪ್ಪ ತನ್ನ ಕೈಯನ್ನು ತಾನೇ ನೋಡುತ್ತಾ ನಿಂತುಬಿಟ್ಟ.

ಪೂಜ್ಯರು ತಿರುಗಿಯೂ ನೋಡಲಿಲ್ಲ. "ನಿಂದರಬ್ಯಾಡ ತಮ್ಮಾ, ಹದಾ ಆರ್ತೈತಿ," ಎಂದು ಅಪ್ಪಣೆ ಕೊಡಿಸಿ ಮತ್ತೆ ನೊಗಕ್ಕೆ ಎದೆಯೊತ್ತಿದರು.

ಗೊಲ್ಲಾಳಪ್ಪ ಬಾರುಕೋಲು ಬಿಸಾಡಿ ಓಡಿದ. ಕಾಲು ಹಿಡಿದು ನೊಗ ಬಿಡಿ ಎಂದು ಗೋಗರೆದ. ಅಜ್ಜನವರು ಬಿಡಲಿಲ್ಲ, ಸ್ವಲ್ಪ ಪಕ್ಕಕ್ಕೆ ಸರಿದು ಜಾಗ ಕೊಟ್ಟರು, ಅಷ್ಟೆ. ಅವನು ಅವರ ಪಕ್ಕದಲ್ಲಿ ನೊಗಕ್ಕೆ ಹೆಗಲು ಕೊಟ್ಟ. ಬೋರವ್ವ ಕೂರಿಗೆ ಹಿಡಿದಳು. ತನ್ನ ಹೊಲದ ಹದ ನೋಡಲು ಬಂದಿದ್ದ ನೆರೆಯ ದುಂಡಪ್ಪ ಇದನ್ನು ಕಂಡು ಹೌಹಾರಿದ. "ಯಪ್ಪಾ, ಅಜ್ಜಾರ ನೊಗಾ ಎಳೀಲಿಕ್ಕತ್ತಾರ, ಬರ್ರೆಪೋ!" ಎಂದು ಊರ ಕಡೆ ಕೂಗುತ್ತಾ ಹೋದ. ಅಂದು ಊರಿಗೆ ಊರೇ ಮನೆಯಲ್ಲಿತ್ತು. ಹತ್ತಾರು ಹೆಗಲು ಬಂದವು, ಇನ್ನೂ ಎರಡು ಕೂರಿಗೆ ಬಂದವು. ಹೊತ್ತು ಮುಳುಗುವ ಮೊದಲು ನಾಲ್ಕೆಕರೆಯೂ ಬಿತ್ತಿ ಮುಗಿಯಿತು.

ಜನ ಚದುರಿದ ಮೇಲೆ ಗೊಲ್ಲಾಳಪ್ಪ ಅಜ್ಜನವರ ಬೆನ್ನ ಮೇಲಿನ ಬಾಸುಂಡೆ ನೋಡಿ ಬಿಕ್ಕಿ ಬಿಕ್ಕಿ ಅತ್ತ. "ನಿಮಗ ಹೊಡದ್ನಲ್ರೀ ಅಜ್ಜಾರ! ಈ ಕೈ ಸೇದಿ ಹೋಗಬಾರದಾಗಿತ್ತೇನ?"

ಪೂಜ್ಯರು ಅವನ ಆ ಕೈಯನ್ನೇ ಹಿಡಿದುಕೊಂಡರು.

"ನನಗ ಒಂದು ಏಟು ಬಿತ್ತಂತ ಅಳ್ತಿ. ಆ ಎತ್ತಿಗೆ ದಿನಾ ಬಿದ್ದಾವಲ್ಲ ತಮ್ಮಾ, ಅವು ಯಾರ ಮುಂದ ಅಳಬೇಕು?"

ಅಷ್ಟು ಹೇಳಿ ಅವರು ಗುಡಿಸಲಿನೊಳಗೆ ಹೋದರು.

ಗೊಲ್ಲಾಳಪ್ಪ ಎದ್ದು ಬೇವಿನ ಮರದ ಕಡೆ ನಡೆದ. ಕೆಂದೆತ್ತಿನ ಮುಖ ಸವರೋಣವೆಂದು ಕೈ ಎತ್ತಿದ. ಎತ್ತು ಬೆಚ್ಚಿ, ಕಣ್ಣು ಮುಚ್ಚಿ, ಹಗ್ಗ ಜಗ್ಗುವವರೆಗೆ ಹಿಂದೆ ಸರಿಯಿತು.

ಅವನ ಕೈ ಇಳಿಯಿತು. ಮತ್ತೆ ಕೈ ಚಾಚಲಿಲ್ಲ, ಕರೆಯಲಿಲ್ಲ. ಎರಡು ಮಾರು ದೂರದಲ್ಲಿ, ಎತ್ತಿನ ಹಗ್ಗ ಎಟುಕುವಲ್ಲಿ, ನೆಲದ ಮೇಲೆ ಕುಳಿತ. ಬೋರವ್ವ ಬುತ್ತಿ ಬಿಚ್ಚಿ ಕರೆದಳು, ಅವನು ಕದಲಲಿಲ್ಲ. ಹುಟ್ಟಿದಾಗಿನಿಂದ ಒಂದೆಡೆ ಕೂತವನಲ್ಲದ ಗೊಲ್ಲಾಳಪ್ಪ, ಆ ಎತ್ತು ತಾನಾಗಿ ಹತ್ತಿರ ಬಂದು ಅವನ ಕೈ ಮೂಸಿ ನೋಡುವವರೆಗೂ ಅಲ್ಲಿಯೇ ಕುಳಿತಿದ್ದ.