ಅರಳೆಯ ಮೈಯ ಕೊನೆಯ ಗಂಟು

ಕರಿಗುಡ್ಡ ಅಂತ ಒಂದು ರಾಜ್ಯ. ಆ ರಾಜ್ಯಕ್ಕೊಬ್ಬ ರಾಜ. ಆ ರಾಜನಿಗೊಂದು ನಾಯಿ. ಎಂಥ ನಾಯಿ ಅಂತೀರಿ ಮಕ್ಕಳೇ! ಹಿಮದ ನಾಡಿನ ವರ್ತಕನೊಬ್ಬ ಕಾಣಿಕೆ ಕೊಟ್ಟು ಹೋದದ್ದು. ಮೈತುಂಬ ಬೆಳ್ಳನೆಯ ಕೂದಲು. ಮುಖ ಯಾವ ಕಡೆ, ಬಾಲ ಯಾವ ಕಡೆ ಅಂತ ತಿಳಿಯಬೇಕಾದರೆ ಅದು ಬೊಗಳಬೇಕು. ಹಿಂಜಿದ ಹತ್ತಿಯ ಹಾಗೆ ಇತ್ತಲ್ಲ, ರಾಜ ಅದಕ್ಕೆ ಅರಳೆ ಅಂತಲೇ ಹೆಸರಿಟ್ಟ.

ಅರಳೆಯ ಮೈ ನೋಡಿಕೊಳ್ಳಲು ಮುದ್ದರಸ ಎಂಬ ಅಧಿಕಾರಿ ಇದ್ದ. ಅವನ ಕೈಯಲ್ಲಿ ಬೆಳ್ಳಿ ಹಿಡಿಯ ಬಾಚಣಿಗೆ. ರಾಜ ಬರುವ ಹೊತ್ತಿಗೆ ಸರಿಯಾಗಿ ನಾಯಿಯ ಬೆನ್ನ ಮೇಲೆ ನಾಲ್ಕು ಸಲ ಬಾಚಣಿಗೆ ಎಳೆಯುವುದು, ಪನ್ನೀರು ಚಿಮುಕಿಸುವುದು, ಕೈಕಟ್ಟಿ ನಿಲ್ಲುವುದು. ಮುಗಿಯಿತು ಅವನ ಕೆಲಸ! ಮೇಲೆ ನೋಡಿದರೆ ಎಲ್ಲ ಬೆಣ್ಣೆ. ಒಳಗೆ ಏನಾಗಿದೆ ಅಂತ ಅವನೂ ನೋಡಲಿಲ್ಲ, ರಾಜನೂ ನೋಡಲಿಲ್ಲ.

ಒಂದು ದಿನ ರಾಣಿ ಅರಳೆಯ ಕಿವಿ ಸವರಲು ಹೋದಳು. ಗುರ್ ಅಂದಿತು. ಇನ್ನೊಂದು ದಿನ ಮಂತ್ರಿ ಬಾಲ ಮುಟ್ಟಿದ. ಅವನ ಶಲ್ಯ ಹರಿಯಿತು. ಮೂರನೆಯ ದಿನ ರಾಜನೇ ಎತ್ತಿಕೊಳ್ಳಲು ಕಂಕುಳಿಗೆ ಕೈ ಹಾಕಿದ. ಹಲ್ಲು ನಾಟಿಯೇ ಬಿಟ್ಟಿತು.

"ಮುದ್ದರಸ, ಏನಿದು?" ಅಂದ ರಾಜ.

"ಹುಚ್ಚು ಹಿಡಿದಿದೆ, ಮಹಾಪ್ರಭು. ಇವತ್ತೇ ಕೊಲ್ಲಿಸಿಬಿಡೋದು ಒಳ್ಳೇದು," ಅಂದ ಮುದ್ದರಸ. ನಾಯಿಯೇ ಹೋದರೆ ಅದರ ಮೈ ಯಾರು ನೋಡುತ್ತಾರೆ, ಹೇಳಿ?

ಅಂಗಳ ಗುಡಿಸುತ್ತಿದ್ದ ಬೀರವ್ವನ ಕಿವಿಗೆ ಈ ಮಾತು ಬಿತ್ತು. ಕಂಬಳಿ ನೇಯುವವರ ಮನೆಯಲ್ಲಿ ಹುಟ್ಟಿ ಬೆಳೆದ ಹೆಂಗಸು ಅವಳು. ಅರಳೆ ಓರೆಯಾಗಿ ಕೂರುವುದನ್ನೂ ಕೆರೆದುಕೊಳ್ಳುವುದನ್ನೂ ನೋಡಿ ನೋಡಿ ಅವಳಿಗೆ ಅನುಮಾನ ಇತ್ತು. ಪೊರಕೆ ಕೆಳಗಿಟ್ಟು ಬಂದು ರಾಜನ ಮುಂದೆ ನಿಂತಳು.

"ಬುದ್ಧಿ, ಹುಚ್ಚು ನಾಯಿ ನೀರು ಕಂಡ್ರೆ ಹಿಂದಕ್ಕೆ ಸರೀತದೆ. ಇದು ಈಗ ತಾನೆ ಬೋಗುಣಿ ಖಾಲಿ ಮಾಡೈತೆ. ಇದಕ್ಕೆ ಹುಚ್ಚಲ್ಲ, ನೋವು. ಮೂರು ದಿನ ನನ್ನ ಮನೆಗೆ ಕೊಡಿ."

"ಕಸ ಗುಡಿಸೋಳು ವೈದ್ಯ ಮಾಡ್ತಾಳಂತೆ!" ಅಂತ ಮುದ್ದರಸ ನಕ್ಕ.

ರಾಜ ನಗಲಿಲ್ಲ. "ಮೂರು ದಿನ ಕೊಟ್ಟೆ. ನಾಲ್ಕನೆಯ ಬೆಳಗ್ಗೆ ನಾನು ಮುಟ್ಟುತ್ತೇನೆ. ಆಗ ಕಚ್ಚಿತೋ, ಅದರ ಪ್ರಾಣವೂ ಉಳಿಯುವುದಿಲ್ಲ, ನಿನ್ನ ಊಳಿಗವೂ ಉಳಿಯುವುದಿಲ್ಲ," ಅಂದ.

ಬೀರವ್ವ ಅರಳೆಯನ್ನು ಮನೆಗೆ ತಂದು ಜಗಲಿಯ ಮೇಲೆ ಕೂರಿಸಿದಳು. ಮೇಲಿನ ಕೂದಲು ಸರಿಸಿ ನೋಡಿದಳು. ಕೆಳಗಿದ್ದದ್ದು ಕೂದಲೇ ಅಲ್ಲ, ಹಳೇ ಕಂಬಳಿ! ಗಂಟಿಗೆ ಗಂಟು ಬೆಸೆದುಕೊಂಡು ಚರ್ಮವನ್ನು ಜಗ್ಗುತ್ತಿತ್ತು. ನಡೆದರೆ ನೋವು, ಕೂತರೆ ನೋವು, ಯಾರಾದರೂ ಮುಟ್ಟಿದರಂತೂ ಪ್ರಾಣ ಹೋಗುವಷ್ಟು ನೋವು. "ಅಯ್ಯೋ ನನ್ನ ಕಂದ, ಇಷ್ಟು ದಿನ ಹೆಂಗೆ ತಡ್ಕೊಂಡೆ?" ಅಂತ ಬೀರವ್ವ ಅತ್ತೇಬಿಟ್ಟಳು. ಆಮೇಲೆ ಕಣ್ಣೊರೆಸಿಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಎಣ್ಣೆಯ ಬಟ್ಟಲು ಹತ್ತಿರ ಎಳೆದುಕೊಂಡಳು.

ಮೊದಲನೆಯ ದಿನ ಕಿವಿಯ ಹಿಂದೆ ಕೈ ಹಾಕಿದಳು. ಗಂಟಿಗೆ ಎಣ್ಣೆ ಹಚ್ಚುವಳು. ಚರ್ಮ ಜಗ್ಗದ ಹಾಗೆ ಬುಡವನ್ನು ಒಂದು ಕೈಯಲ್ಲಿ ಹಿಡಿಯುವಳು. ಇನ್ನೊಂದು ಕೈಯಿಂದ ತುದಿಯ ಕಡೆಯಿಂದ ಎಳೆ ಎಳೆಯಾಗಿ ಬಿಡಿಸುವಳು. ಅರಳೆ ಗುರ್ ಅಂದರೆ ನಿಲ್ಲಿಸುವಳು, ಸುಮ್ಮನಾದರೆ ಮತ್ತೆ ಹಿಡಿಯುವಳು. ಅಷ್ಟರಲ್ಲಿ ಮುದ್ದರಸ ಕತ್ತರಿ ಹಿಡಿದು ಬಂದ. ಗಂಟಿನ ವಿಷಯ ಹೊರಗೆ ಬಿದ್ದರೆ ತನ್ನ ಬಂಡವಾಳ ಬಯಲಾಗುತ್ತದಲ್ಲ!

"ಯಾಕೆ ಒದ್ದಾಡ್ತೀಯ? ಕಚಕ್ ಕಚಕ್ ಅಂತ ಕತ್ತರಿಸಿ ಬಿಸಾಕು."

"ಗಂಟಿನೊಳಗೆ ಚರ್ಮ ಸಿಕ್ಕೊಂಡೈತೆ ಅಯ್ಯ. ಕತ್ತರಿ ಹಾಕಿದ್ರೆ ಅದೂ ಬರ್ತದೆ. ನೀವು ಹೋಗಿ."

ಎರಡನೆಯ ದಿನ ಕಂಕುಳು, ಹೊಟ್ಟೆ. ಮುದ್ದರಸ ಎರಡು ಕೊಡ ನೀರು ಹೊರಿಸಿಕೊಂಡು ಬಂದ.

"ನೀರು ಹುಯ್ಯಿ. ಗಂಟು ತಾನಾಗಿ ಬಿಡುತ್ತೆ."

ಬೀರವ್ವನಿಗೆ ನಗು ಬಂತು. "ಉಣ್ಣೆ ಮನೆಯೋಳಿಗೆ ಹೇಳೋ ಮಾತಾ ಇದು? ಗಂಟಿಗೆ ನೀರು ಬಿದ್ರೆ ಕಲ್ಲಾಗ್ತದೆ. ಮೊದಲು ಬಾಚೋದು, ಆಮೇಲೆ ನೀರು. ನೀವು ಹೋಗಿ."

ಮೂರನೆಯ ದಿನ ತೊಡೆ, ಬಾಲ. ಬೀರವ್ವನ ಬೆರಳುಗಳು ಊದಿಕೊಂಡಿದ್ದವು. ಈ ಸಲ ಮುದ್ದರಸ ಬರಿಗೈಯಲ್ಲಿ ಬಂದ, ಮಾತಿಗೆ ಮಾತ್ರ ಸಕ್ಕರೆ ಸವರಿಕೊಂಡು ಬಂದಿದ್ದ.

"ಪಾಪ, ನಿನ್ನ ಕೈ ನೋಡು ತಾಯಿ. ಮೇಲೆ ಮೇಲೆ ಬಾಚಿ ಕರ್ಕೊಂಡು ಬಾ. ಒಳಗೆ ಯಾರು ನೋಡ್ತಾರೆ?"

"ಯಾರೂ ನೋಡಲ್ಲ. ಅರಳೆಗೆ ಗೊತ್ತಾಗ್ತದೆ. ನೀವು ಹೋಗಿ."

ಸಂಜೆಯೊಳಗೆ ಬಾಚಣಿಗೆ ಬುಡದಿಂದ ತುದಿಯವರೆಗೆ ಸರಾಗವಾಗಿ ಓಡಿತು. ಆಮೇಲೆಯೇ ಅಂಟುವಾಳದ ನೊರೆ, ಬೆಚ್ಚನೆಯ ನೀರು. ಒಲೆಯ ಮುಂದೆ ಕೂರಿಸಿಕೊಂಡು ಮೈ ಆರಿಸುವಾಗ ಅರಳೆ ಅವಳ ತೊಡೆಯ ಮೇಲೇ ನಿದ್ದೆ ಹೋಯಿತು.

ನಾಲ್ಕನೆಯ ಬೆಳಗ್ಗೆ ಸಭೆ ಸೇರಿತು. ರಾಜ ಅಳುಕುತ್ತಲೇ ಕೈ ಚಾಚಿದ. ಕಿವಿ ಮುಟ್ಟಿದ. ಬಾಲ ಮುಟ್ಟಿದ. ಕಂಕುಳಿಗೂ ಕೈ ಹಾಕಿದ. ಅರಳೆ ಅವನ ಅಂಗೈ ನೆಕ್ಕಿತು! ರಾಜನಿಗೆ ಕುಣಿದಾಡುವಷ್ಟು ಖುಷಿಯಾಯಿತು.

ಮುದ್ದರಸ ಮುಂದೆ ಬಂದು ಕೈಮುಗಿದ. "ಮಹಾಪ್ರಭು, ಮೈಯೆಲ್ಲ ಸಣ್ಣ ಗಂಟುಗಳಾಗಿದ್ದವು. ಬಿಡಿಸಿದ್ದು ನಾನು. ಮೂರು ದಿನವೂ ಇವಳ ಮನೆಗೆ ಹೋಗಿದ್ದೆ, ಕಂಡವರಿದ್ದಾರೆ. ಇವಳು ನಾಯಿ ಹಿಡ್ಕೊಂಡಿದ್ದಳು, ಅಷ್ಟೆ."

"ಹೌದು ಹೌದು, ಹೋಗಿದ್ದನ್ನು ನಾವೂ ಕಂಡೆವು," ಅಂದರು ಒಂದಿಬ್ಬರು. ರಾಜ ಬೀರವ್ವನ ಕಡೆ ತಿರುಗಿದ.

ಅವಳಿಗೆ ಸಿಟ್ಟು ಬಂತು. ಆದರೂ ದನಿ ಏರಿಸಲಿಲ್ಲ. "ಆಗಲಿ ಬುದ್ಧಿ, ಅಯ್ಯನೇ ಬಿಡಿಸಿರಲಿ. ಒಂದು ಗಂಟು ಇನ್ನೂ ಉಳಿದೈತೆ. ಅಲ್ಲಿ ಚರ್ಮ ಕೆಂಪಗಾಗಿತ್ತು, ನೋವು ಆರಲಿ ಅಂತ ನೀರೂ ತಾಗಿಸದೆ ಬಿಟ್ಟಿದ್ದು. ಬಿಡಿಸಿದ ಕೈಗೆ ಜಾಗ ಗೊತ್ತಿರ್ತದಲ್ಲ? ಅಯ್ಯ ಇಲ್ಲೇ ಬಿಡಿಸಲಿ."

ಮುದ್ದರಸ ಕಿವಿ ತಡಕಿದ, ಇಲ್ಲ. ಬಾಲ ತಡಕಿದ, ಇಲ್ಲ. ಗಾಬರಿಯಲ್ಲಿ ಹೊಟ್ಟೆಯ ಕೂದಲು ಜಗ್ಗಿದ. ಅರಳೆ ಗುರ್ ಅಂದದ್ದೇ ತಡ, ಕಂಬದ ಹಿಂದೆ ಹಾರಿದ. "ಗಂಟೇ ಇಲ್ಲ! ಇವಳು ಸುಳ್ಳು ಹೇಳ್ತಾಳೆ!" ಅಂತ ಅಲ್ಲಿಂದಲೇ ಕೂಗಿದ.

ಬೀರವ್ವ ನೆಲದ ಮೇಲೆ ಕೂತಳು. ಬಾ ಅನ್ನಲಿಲ್ಲ, ಕೈ ಸನ್ನೆಯನ್ನೂ ಮಾಡಲಿಲ್ಲ. ಅರಳೆ ತಾನೇ ಬಂತು. ಮಗ್ಗುಲಾಗಿ ಮಲಗಿತು. ಬಲಗಡೆಯ ಹಿಂಗಾಲನ್ನು ಮೆಲ್ಲಗೆ ಅವಳ ಮಡಿಲಿಗೆ ಚಾಚಿತು. ಬೆರಳುಗಳ ಸಂದಿಯಲ್ಲಿ ಹುಣಸೆ ಬೀಜದಷ್ಟು ಒಂದು ಗಂಟು. ಬೀರವ್ವ ಅದನ್ನು ಎಲ್ಲರ ಮುಂದೆ ಎಳೆ ಎಳೆಯಾಗಿ ಬಿಡಿಸಿದಳು.

ರಾಜ ಸಿಂಹಾಸನ ಇಳಿದು ಬಂದು ಅರಳೆಯ ಪಕ್ಕ ಕೂತ. "ತಪ್ಪು ಅವನೊಬ್ಬನದೇ ಅಲ್ಲ ತಾಯಿ. ನಾನೂ ಮೇಲೆ ಮೇಲೆ ಸವರಿ ಮುದ್ದು ಮಾಡಿದೆ. ಅದು ನೋವು ಹೇಳಿಕೊಂಡರೆ ಹುಚ್ಚು ಅಂದುಕೊಂಡೆ," ಅಂತ ಎಲ್ಲರೆದುರೇ ಹೇಳಿದ. ಅರಳೆಯನ್ನು ನೋಡಿಕೊಳ್ಳುವ ಅಧಿಕಾರ ಅವತ್ತೇ ಬೀರವ್ವನದಾಯಿತು. ಮುದ್ದರಸನನ್ನು ಕುರಿಹಟ್ಟಿಯಲ್ಲಿ ಉಣ್ಣೆ ಬಿಡಿಸಲು ಕೂರಿಸಿದರು. ಹಟ್ಟಿಯವರು ಉಣ್ಣೆಯೊಳಗೆ ಬೆರಳು ಹಾಕಿ ನೋಡಿದ ಮೇಲೆಯೇ ಅವನಿಗೆ ಮುದ್ದೆ.

ನೋಡಿದಿರಾ ಮಕ್ಕಳೇ, ಕಣ್ಣಿಗೆ ಬೀಳುವಷ್ಟೇ ಕೆಲಸ ಮಾಡಿ ಕೈತೊಳೆದುಕೊಳ್ಳುವವನು ಒಂದಲ್ಲ ಒಂದು ದಿನ ಸಿಕ್ಕಿಬೀಳುತ್ತಾನೆ. ಅಷ್ಟರೊಳಗೆ ಬಾಯಿಲ್ಲದ ಜೀವವೊಂದು ಅವನ ಪಾಲಿನ ನೋವು ತಿಂದಿರುತ್ತದೆ. ಆದ್ದರಿಂದ ಹಿಡಿದ ಕೆಲಸವನ್ನು ಬುಡದವರೆಗೆ ಮಾಡಬೇಕು. ಕಥೆ ಸಾಕು, ಏಳಿ. ಹೋಗಿ ನಿಮ್ಮ ನಿಮ್ಮ ನಾಯಿಯ ಕಿವಿಯ ಹಿಂದೆ ಬೆರಳು ಹಾಕಿ ನೋಡಿ.