ಮಡಿಕೆ ಮುರಿಯದ ಸೀರೆ

"ಬುದ್ಧಿ, ಒಳ್ಳೆಯದನ್ನೇ ಆರಿಸಿ ಕೈಗಿಟ್ಟರೂ ಮಕ್ಕಳು ಏಕೆ ಓದುವುದಿಲ್ಲ?"

ಮಠದ ಗುರುಗಳನ್ನು ಹೀಗೆ ಕೇಳಿದವನು ಶಿವನಂಜಯ್ಯ. ಚಿಕ್ಕಂದಿನಲ್ಲಿ ಮಠದಲ್ಲೇ ಉಂಡು ಓದಿದವನು. ಇಪ್ಪತ್ತೆರಡು ವರ್ಷಗಳಿಂದ ಮಠದ ಮಿಡ್ಲ್ ಸ್ಕೂಲಿನಲ್ಲಿ ಮೇಷ್ಟರು. ಪ್ರಶ್ನೆ ಕೇಳಿದವನೇ ಜೇಬಿನಿಂದ ಒಂದು ಬೀಗದ ಕೈ ತೆಗೆದು ಗುರುಗಳ ಮುಂದಿನ ಮಣೆಯ ಮೇಲಿಟ್ಟ. ಅದು ಶಾಲೆಯ ಪುಸ್ತಕದ ಬೀರುವಿನದು.

"ಇದೇಕೆ?" ಎಂದರು ಗುರುಗಳು.

"ಸಾಕಾಯಿತು, ಬುದ್ಧಿ. ವಾರಕ್ಕೆ ಒಂದು ಗಂಟೆ ಕತೆ ಪುಸ್ತಕ ಓದಲಿ ಎಂದು ತಾವು ಬಿಟ್ಟುಕೊಟ್ಟಿರಿ. ಸೋಮವಾರದಿಂದ ಅದನ್ನು ಗಣಿತದ ಪಾಠಕ್ಕೆ ಕೊಟ್ಟುಬಿಡುತ್ತೇನೆ. ತಮ್ಮ ಅಪ್ಪಣೆಯಾಗಬೇಕು."

ಗುರುಗಳು ಅವನಿಗೆ ಕೂರಲು ಕೈ ತೋರಿಸಿದರು.

ಶಿವನಂಜಯ್ಯ ದೂರು ಹೇಳಿಕೊಳ್ಳುವ ಮನುಷ್ಯನಲ್ಲ. ಅಂದು ಮಾತ್ರ ಹೇಳಿಕೊಂಡ. ಮೊದಲು ಬೀರುವಿಗೆ ಬೀಗ ಇರಲಿಲ್ಲ. ಆರು, ಏಳು, ಎಂಟನೆಯ ತರಗತಿಯ ಮಕ್ಕಳು ಸಂತೆಗೆ ನುಗ್ಗಿದಂತೆ ನುಗ್ಗುತ್ತಿದ್ದರು. ಒಂದನ್ನು ಎಳೆದು, ಚಿತ್ರ ನೋಡಿ, ಅಲ್ಲೇ ಬಿಟ್ಟು, ಇನ್ನೊಂದನ್ನು ಎಳೆಯುತ್ತಿದ್ದರು. ಒಂದೇ ಪುಸ್ತಕಕ್ಕೆ ಇಬ್ಬರು ಕೈಹಾಕಿ, ರಟ್ಟು ಒಬ್ಬರಿಗೆ, ಹಾಳೆಗಳು ಇನ್ನೊಬ್ಬರಿಗೆ ಆದದ್ದೂ ಉಂಟು. ಗಂಟೆ ಹೊಡೆದ ಮೇಲೆ ಅವನ್ನೆಲ್ಲ ಆಯ್ದು, ಹರಿದದ್ದಕ್ಕೆ ಅಂಟು ಹಚ್ಚಿ, ಮತ್ತೆ ಸಾಲಿಗೆ ನಿಲ್ಲಿಸುವುದು ಇವನ ಪಾಲಿಗೆ ಬರುತ್ತಿತ್ತು. ವರ್ಷಗಟ್ಟಲೆ ಹಾಗೆ ಮಾಡಿದ. ಒಂದು ದಿನ ಬಗ್ಗಿದವನಿಗೆ ಏಳಲಾಗಲಿಲ್ಲ, ಸೊಂಟ ಹಿಡಿದುಕೊಂಡಿತು. ಮರುದಿನವೇ ಬೀಗ ತಂದ. ಅಲ್ಲಿಂದ ಯಾವ ಮಗುವಿಗೆ ಯಾವ ಪುಸ್ತಕ ಎಂದು ತಾನೇ ಯೋಚಿಸಿ, ತಾನೇ ಆರಿಸಿ, ಹೆಸರು ಕೂಗಿ ಕೈಗೆ ಕೊಡತೊಡಗಿದ.

"ಅಂದಿನಿಂದ ಒಂದು ಹಾಳೆ ಹರಿದಿಲ್ಲ, ಬುದ್ಧಿ. ಒಂದು ಪುಸ್ತಕ ಕಳೆದಿಲ್ಲ. ಓದುವುದೂ ಇಲ್ಲ. ಮೊನ್ನೆ ಏಳನೆಯ ತರಗತಿಯ ಹುಡುಗಿಯೊಬ್ಬಳು ಪುಸ್ತಕ ವಾಪಸು ತಂದಳು. ಹೇಗಿತ್ತಮ್ಮಾ ಎಂದೆ. ಚೆನ್ನಾಗಿತ್ತು ಸಾರ್ ಎಂದಳು. ಏನಿತ್ತು ಎಂದೆ. ಎಲ್ಲಾ ಇತ್ತು ಸಾರ್ ಎಂದಳು."

ಗುರುಗಳಿಗೆ ನಗು ಬಂತು. ಶಿವನಂಜಯ್ಯ ನಗಲಿಲ್ಲ. ಚೀಲದಿಂದ ಆ ಪುಸ್ತಕವನ್ನೇ ತೆಗೆದು ತೋರಿಸಿದ. ಅಚ್ಚಿನ ಮನೆಯವರು ಅಂಚು ಕತ್ತರಿಸಲು ಮರೆತ ಎರಡು ಹಾಳೆಗಳು ಇನ್ನೂ ಕೂಡಿಕೊಂಡೇ ಇದ್ದವು.

"ಓದುವ ಆಸೆಯೇ ಇಲ್ಲವೇನೋ ಎಂದುಕೊಂಡೆ. ಅದೂ ಅಲ್ಲ. ಬೆಂಚಿನ ಕೆಳಗೆ, ಮಕ್ಕಳೇ ಎಲ್ಲಿಂದಲೋ ತಂದ ಒಂದು ದೆವ್ವದ ಕತೆ ಪುಸ್ತಕ ಸಿಕ್ಕಿತು. ರಟ್ಟಿಲ್ಲ, ಕೊನೆಯ ನಾಲ್ಕು ಹಾಳೆಯೂ ಇಲ್ಲ. ಇಡೀ ತರಗತಿ ಅದನ್ನು ಓದಿದೆ. ಕೊನೆಯಲ್ಲಿ ಏನಾಯಿತು ಎಂದು ತಮ್ಮತಮ್ಮಲ್ಲೇ ಜಗಳ ಬೇರೆ. ಹಾಗಾದರೆ ನಾನು ಕೊಟ್ಟದ್ದು ಕಸವೇ, ಬುದ್ಧಿ?"

"ಕಸವಲ್ಲ" ಎಂದರು ಗುರುಗಳು. ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಸೀರೆ ವ್ಯಾಪಾರಿ ಇದ್ದ. ಅಪ್ಪನ ಕಾಲದ ಅಂಗಡಿ. ಹೆಂಗಸರು ಬಂದು ಗಾದಿಯ ಮೇಲೆ ಕೂರುವರು. ಇವನು ಎದುರಿಗೆ ಕುಳಿತು ಸೀರೆಗಳನ್ನು ಬಿಚ್ಚಿ ಹಾಸುವನು. ಕೊಳ್ಳುವವಳು ಒಬ್ಬಳಾದರೆ ನೋಡುವವರು ನಾಲ್ವರು.

"ಬಣ್ಣ ಸರಿ, ಅಂಚು ಸಾಲದು."

"ಅಂಚಿಗೇನಾಗಿದೆ? ಸೆರಗು ನೋಡೇ, ಬೋಳು ಹಣೆಯ ಹಾಗಿದೆ."

"ಅಣ್ಣಾ, ಆ ಮೇಲಿನದು ತೆಗೆಯಿರಿ. ಅದಲ್ಲ, ಅದರ ಕೆಳಗಿನದು."

ಬಿಚ್ಚಿದ್ದನ್ನು ಹೆಗಲ ಮೇಲೆ ಹಾಕಿಕೊಂಡು ಬಾಗಿಲಿಗೆ ಹೋಗುವರು. ಬಿಸಿಲಿನ ಬೆಳಕಿಗೆ ಹಿಡಿದು ನೋಡುವರು. ನಲವತ್ತು ಸೀರೆ ಬಿಚ್ಚಿಸಿ, "ನಾಳೆ ಬರುತ್ತೇವೆ ಅಣ್ಣಾ" ಎಂದು ಎದ್ದು ಹೋಗುವರು.

ಬಿಚ್ಚಿದ್ದನ್ನೆಲ್ಲ ವ್ಯಾಪಾರಿ ಮಡಿಸಬೇಕು. ಸೀರೆ ಮಡಿಸುವುದು ನೋಡುವಷ್ಟು ಹಗುರವಲ್ಲ. ಅಂಚಿಗೆ ಅಂಚು ಕೂಡಬೇಕು. ಹಳೆಯ ಗೆರೆಯ ಮೇಲೇ ಹೊಸ ಮಡಿಕೆ ಕೂರಬೇಕು. ತಪ್ಪಿದರೆ ಹೊಸ ಸೀರೆಯೂ ಉಟ್ಟು ಬಿಟ್ಟದ್ದರಂತೆ ಕಾಣುತ್ತದೆ. ಬಿಚ್ಚಿ ಮಡಿಸಿ, ಮಡಿಸಿ ಬಿಚ್ಚಿ ಅವನಿಗೆ ಐವತ್ತಾಯಿತು. ಬಲಗೈ ಹೆಗಲಿನಿಂದ ಮೇಲೆ ಏಳದಾಯಿತು.

ಅವನಿಗೆ ಒಂದು ವಿದ್ಯೆ ಇತ್ತು. ಹೆಂಗಸು ಮೆಟ್ಟಿಲು ಹತ್ತುವಾಗಲೇ ಅವಳಿಗೆ ಯಾವ ಸೀರೆ ಒಪ್ಪುತ್ತದೆ ಎಂದು ತಿಳಿಯುತ್ತಿತ್ತು. ಅವನ ಎಣಿಕೆ ತಪ್ಪಿದ್ದಿಲ್ಲ. ತೊಂದರೆ ಶುರುವಾದದ್ದು ಅಲ್ಲಿಂದಲೇ. 'ಕೊನೆಗೆ ಒಪ್ಪುವುದು ಯಾವುದೆಂದು ನನಗೆ ಗೊತ್ತಿರುವಾಗ ಈ ನಲವತ್ತು ಏಕೆ?' ಎಂದುಕೊಂಡ.

ಮರುದಿನದಿಂದ ಹಾಸುವುದನ್ನು ಬಿಟ್ಟ. ಬಂದವರನ್ನು ಕೂರಿಸಿ, ಯಾರಿಗೆ, ಯಾವ ಕಾರ್ಯಕ್ಕೆ ಎಂದು ಕೇಳುವನು. ಎದ್ದು ಹೋಗಿ ಒಂದೇ ಒಂದು ಸೀರೆ ತಂದು, ಮಡಿಕೆ ಬಿಚ್ಚದೆ ಕೈಯಲ್ಲಿಡುವನು.

"ಇದು ನಿಮಗೆ, ತಾಯಿ. ಇದಕ್ಕಿಂತ ಒಪ್ಪುವುದು ಈ ಅಂಗಡಿಯಲ್ಲಿಲ್ಲ."

ಅದು ನಿಜವೂ ಆಗಿತ್ತು. ಹೆಂಗಸರು ಮುಖ ಮುಖ ನೋಡಿಕೊಂಡರು. ಹಿರಿಯ ಮನುಷ್ಯ, ಬಟ್ಟೆ ಬಲ್ಲವನು, ಎದುರಾಡುವುದು ಹೇಗೆ? ತೆಗೆದುಕೊಂಡು ಹೋದರು.

ಅಂಗಡಿ ಗುಡಿಯ ಹಾಗೆ ಚೊಕ್ಕಟವಾಯಿತು. ವ್ಯಾಪಾರಿ ಮೊದಲ ಸಲ ಗೋಡೆಗೊರಗಿ ಕಾಲು ಚಾಚಿದ. ಒಂದು ತಿಂಗಳು ಅವನಿಗೆ ಸುಖವಾಗಿತ್ತು. ಆಮೇಲೆ ಬರುವವರು ಕಡಿಮೆಯಾದರು. ಒಂದು ವರ್ಷ ತುಂಬುವ ಹೊತ್ತಿಗೆ, ಬೆಳಗ್ಗೆ ಹಾಸಿದ ಗಾದಿಯ ಬಟ್ಟೆಗೆ ಸಂಜೆಯಾದರೂ ಒಂದು ಸುಕ್ಕು ಬೀಳುತ್ತಿರಲಿಲ್ಲ.

ಎದುರಿನ ಅರಳಿಮರದ ಕೆಳಗೆ ಒಬ್ಬ ಗಂಟು ಹೊತ್ತ ವ್ಯಾಪಾರಿ ಬಂದು ಕೂರತೊಡಗಿದ್ದ. ತಾಡಪಾಲಿನ ಮೇಲೆ ಗಂಟು ಸುರಿದು ಸುಮ್ಮನೆ ಬೀಡಿ ಸೇದುವನು. ಬಟ್ಟೆ ಜಾಳು, ಬಣ್ಣ ಕಚ್ಚಾ. ಹೆಂಗಸರು ನೆಲದಲ್ಲಿ ಕುಳಿತು ಆ ರಾಶಿಯನ್ನು ಬಗೆಯುತ್ತಿದ್ದರು. ಅವರ ನಗು ಈ ಅಂಗಡಿಯ ಒಳಗೆ ಕೇಳಿಸುತ್ತಿತ್ತು. 'ತಿಳಿಯದ ಜನ' ಎಂದುಕೊಂಡ ವ್ಯಾಪಾರಿ. ದೀಪಾವಳಿ ಕಳೆದ ಮೇಲೆ ಅಪ್ಪನ ಹೆಸರಿನ ಬೋರ್ಡು ಇಳಿಸಿಬಿಡುವುದೆಂದು ಮನಸ್ಸಿನಲ್ಲೇ ತೀರ್ಮಾನಿಸಿದ.

ಒಂದು ಮಧ್ಯಾಹ್ನ ಊಟಕ್ಕೆಂದು ಮನೆಗೆ ಹೋದ. ಹೆಂಡತಿ ಗಿಳಿಹಸಿರು ಸೀರೆ ಉಟ್ಟು ಬಡಿಸಲು ಬಂದಳು. ನೋಡಿದೊಡನೆ ಅವನಿಗೆ ಗುರುತು ಹತ್ತಿತು. ತುತ್ತು ಕೈಯಲ್ಲೇ ಉಳಿಯಿತು.

"ಇದು ಅರಳಿಮರದ ಕೆಳಗಿನದು."

"ಹೌದು."

"ನಾನು ತಂದುಕೊಟ್ಟವು?"

"ಪೆಟ್ಟಿಗೆಯಲ್ಲಿವೆ."

ಮದುವೆಯಾದಂದಿನಿಂದ ಅವಳಿಗೆ ಹಬ್ಬದ ಸೀರೆಗಳನ್ನು ಅವನೇ ಆರಿಸಿ ತರುತ್ತಿದ್ದ. ಅವಳು ತವರಿನವನ್ನೇ ಉಡುವಾಗ, ಇವನ್ನು ಜೋಪಾನ ಮಾಡುತ್ತಾಳೆ ಎಂದುಕೊಂಡಿದ್ದ. ಕೈ ತೊಳೆದು ಎದ್ದು ಹೋಗಿ ಪೆಟ್ಟಿಗೆ ತೆರೆದ. ಕೊಟ್ಟವು ಕೊಟ್ಟಂತೆಯೇ ಇದ್ದವು. ಒಂದರ ಮಡಿಕೆಯೂ ಮುರಿದಿರಲಿಲ್ಲ. ಎಲ್ಲಕ್ಕಿಂತ ಕೆಳಗಿದ್ದ ರೇಷ್ಮೆ ಸೀರೆಯನ್ನು ತೆಗೆದು ಕೊಡವಿದ. ಮಡಿಕೆಯ ಗೆರೆ ಎಲ್ಲೆಲ್ಲಿತ್ತೋ ಅಲ್ಲಲ್ಲೇ ಅದು ಬಿರಿದು ಹೋಯಿತು.

"ಒಪ್ಪುತ್ತಿರಲಿಲ್ಲವೇ?" ಎಂದ.

"ಒಪ್ಪುತ್ತಿದ್ದವು. ಇಲ್ಲವೆಂದವರು ಯಾರು?"

"ಹಾಗಾದರೆ ಇದೇಕೆ? ಒಂದು ಒಗೆತಕ್ಕೆ ಬಣ್ಣ ಬಿಡುತ್ತದೆ."

"ಬಿಡಲಿ. ಬಿಟ್ಟ ಮೇಲೆ ನನಗೂ ತಿಳಿಯುತ್ತದೆ. ನಿಮಗೇನು, ಹುಟ್ಟುತ್ತಲೇ ಬಟ್ಟೆ ಗೊತ್ತಿತ್ತೇ?" ಅವಳು ಸೆರಗನ್ನು ಒಮ್ಮೆ ನೋಡಿಕೊಂಡಳು. "ಹದಿನೆಂಟು ಬಿಚ್ಚಿ ನೋಡಿದೆ. ಎದ್ದು ನಿಂತು ಬೆಳಕಿಗೆ ಹಿಡಿದೆ. ಪಾಪ, ಆ ಮನುಷ್ಯ ಒಂದು ಮಾತೂ ಅನ್ನಲಿಲ್ಲ."

ಮರುದಿನ ಬೆಳಗ್ಗೆ ವ್ಯಾಪಾರಿ ಅಂಗಡಿ ತೆರೆದ. ಎಡಗೈಯಿಂದ ಬಲಗೈಯನ್ನು ಎತ್ತಿ ಹಿಡಿದು, ಮೇಲಿನ ಸಾಲಿನ ಸೀರೆಗಳನ್ನೆಲ್ಲ ಎಳೆದು ಗಾದಿಯ ಮೇಲೆ ಹಾಕಿದ. ರಾಶಿಯಾಯಿತು. ದಾರಿಯಲ್ಲಿ ಹೋಗುತ್ತಿದ್ದ ಒಬ್ಬ ಹೆಂಗಸು ಅದನ್ನು ಕಂಡು ನಿಂತಳು.

"ಏನಣ್ಣಾ, ಅಂಗಡಿ ಖಾಲಿ ಮಾಡುತ್ತಿದ್ದೀರಾ?"

"ಇಲ್ಲ ತಾಯಿ, ತೆರೆಯುತ್ತಿದ್ದೇನೆ. ಬನ್ನಿ."

ಅವಳು ಒಳಗೆ ಬಂದು ಕುಳಿತಳು. ಮೂವತ್ತೆಂಟು ಸೀರೆ ಬಿಚ್ಚಿದಳು. ಒಪ್ಪುವುದು ಯಾವುದೆಂದು ಅವನಿಗೆ ಎರಡನೆಯದರಲ್ಲೇ ಗೊತ್ತಾಗಿತ್ತು. ಬಾಯಿ ಬಿಡಲಿಲ್ಲ. ಕೊನೆಯಲ್ಲಿ ಮಾತ್ರ, "ಇದನ್ನೂ ಒಂದು ಸಲ ಹೆಗಲ ಮೇಲೆ ಹಾಕಿ ನೋಡಿ" ಎಂದ. ಅವಳು ಹಾಕಿಕೊಂಡು ಬಾಗಿಲಿಗೆ ಹೋದಳು, ಬೆಳಕಿನಲ್ಲಿ ತಿರುಗಿಸಿ ನೋಡಿದಳು, ಮತ್ತೆ ಬಂದು ರಾಶಿಯ ಮೇಲಿಟ್ಟಳು.

"ನಾಳೆ ಬರುತ್ತೇನೆ ಅಣ್ಣಾ."

ವ್ಯಾಪಾರಿ ಸಂಜೆಯವರೆಗೆ ಮಡಿಸಿದ. ಹೆಗಲು ಮೊದಲಿನಷ್ಟೇ ನೋಯುತ್ತಿತ್ತು.

ಗುರುಗಳು ಇಷ್ಟಕ್ಕೆ ನಿಲ್ಲಿಸಿದರು. ಶಿವನಂಜಯ್ಯ ಇನ್ನೂ ಇದೆಯೆಂದು ಕಾದ. ಅವನ ಕೈ ತಾನಾಗಿಯೇ ಸೊಂಟವನ್ನು ಒತ್ತಿಕೊಳ್ಳುತ್ತಿತ್ತು.

"ಅವಳು ಮರುದಿನ ಬಂದಳೇ, ಬುದ್ಧಿ?"

ಗುರುಗಳು ತೊಡೆಯ ಮೇಲಿದ್ದ ಪುಸ್ತಕದ ಕೂಡಿದ ಅಂಚಿನ ಮೇಲೆ ಒಮ್ಮೆ ಬೆರಳಾಡಿಸಿದರು. ಅದನ್ನು ಬಿಡಿಸದೆ ಹಾಗೆಯೇ ಮಣೆಯ ಮೇಲೆ, ಬೀಗದ ಕೈಯ ಪಕ್ಕಕ್ಕಿಟ್ಟು, ಮಣೆಯನ್ನು ಅವನ ಕಡೆಗೆ ಸರಿಸಿದರು.

"ಶಿವನಂಜಯ್ಯಾ, ನಿನ್ನ ಬೀರುವಿನಲ್ಲಿ ಒಂದು ಹಾಳೆಯೂ ಹರಿಯದೆ ಎಷ್ಟು ದಿನವಾಯಿತು?"