ಬೆಳಗಿನ ನಾಡಿ

"ಗುರುಗಳೇ, ನಾಡಿ ನೋಡುವ ಯಂತ್ರ ನಮ್ಮೂರಿಗೂ ಬಂದಿದೆ. ನಾಳೆ ಅದೇ ದೊಡ್ಡ ವೈದ್ಯನಾಗಿ ಕೂತರೆ ನನ್ನ ಗತಿ ಏನು?" ಎಂದು ಶಿಷ್ಯ ಕೇಳಿದ.

ಶಿಷ್ಯ ವೃತ್ತಿಯಿಂದ ವೈದ್ಯ. ಬೆಳಗಿನಿಂದ ಇದೊಂದನ್ನೇ ತಿರುಗಾಮುರುಗಾ ಹೇಳಿಕೊಂಡು ಅಳುಕುತ್ತಿದ್ದ. ಇಂಥ ಅಳುಕು ಕಂಡರೆ ನಕ್ಕುಬಿಡುವುದು ಗುರುಗಳ ರೂಢಿ. ಅಂದು ನಗಲಿಲ್ಲ. ಒಂದು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ವೈದ್ಯನಿದ್ದ. ಅವನು ಕೈ ಹಿಡಿದರೆ ರೋಗ ತಾನಾಗಿ ಬಾಯಿಬಿಡುತ್ತದೆ ಎಂದು ಜನ ಹೊಗಳುತ್ತಿದ್ದರು. ಅವನಿಗೆ ತಂದೆಯಿಂದ ಬಂದ ಒಂದು ಪದ್ಧತಿಯಿತ್ತು. ಬೆಳಗ್ಗೆ ರೋಗಿಗಳನ್ನು ನೋಡುವ ಮೊದಲು ಹೆಂಡತಿಯ ಎಡಗೈ ಹಿಡಿದು ನಾಡಿ ನೋಡುತ್ತಿದ್ದ. ಅವಳಿಗೆ ಕಾಯಿಲೆಯೇನೂ ಇರಲಿಲ್ಲ. ನೆಟ್ಟಗಿರುವವರ ನಾಡಿಯಲ್ಲಿ ಬೆರಳು ಹದವಾದರೆ ಮಾತ್ರ ಕೆಟ್ಟ ನಾಡಿ ತಿಳಿಯುತ್ತದೆ ಎಂಬುದು ಆ ಮನೆತನದ ಪಾಠ. ಒಲೆ ಹೊತ್ತಿಸುವ ಮುನ್ನ ಅವಳು ಬಂದು ಕೈ ಚಾಚುತ್ತಿದ್ದಳು. "ಇನ್ನೂ ಇದ್ದೀನಾ?" ಎಂದು ದಿನವೂ ಚೇಷ್ಟೆ ಮಾಡುತ್ತಿದ್ದಳು.

ಒಮ್ಮೆ ಒಬ್ಬ ವ್ಯಾಪಾರಿ ಯಂತ್ರ ತಂದ. ಮಣಿಕಟ್ಟಿಗೆ ಕಟ್ಟಿದರೆ ಸಾಕು. ದೋಷವಿದ್ದರೆ ಕೆಂಪು ದೀಪ, ಇಲ್ಲದಿದ್ದರೆ ಹಸಿರು. ಸಾವಿರಾರು ಜನರ ನಾಡಿಯನ್ನು ಅದಕ್ಕೆ ಕಲಿಸಿದ್ದಾರೆ ಎಂದ. ವೈದ್ಯನಿಗೂ ನಿನ್ನ ಹಾಗೆಯೇ ಹೆದರಿಕೆಯಾಯಿತು. ಆದರೂ ಊರಿಗೆ ಬಂದದ್ದನ್ನು ಬೇಡವೆನ್ನಲು ಯಾರಿಗೆ ಸಾಧ್ಯ? ಕೊಂಡುಕೊಂಡ.

ಮೊದಮೊದಲು ಕೈಯಿಂದ ನೋಡಿ ಆಮೇಲೆ ಯಂತ್ರ ಕಟ್ಟುತ್ತಿದ್ದ. ಎರಡೂ ಒಂದನ್ನೇ ಹೇಳುತ್ತಿದ್ದವು. ಬರಬರುತ್ತಾ ಯಂತ್ರ ಕಟ್ಟಿ ಆಮೇಲೆ ಕೈ ಹಿಡಿಯತೊಡಗಿದ. ಆಗ ಯಂತ್ರ ಹೇಳಿದ್ದನ್ನೇ ಬೆರಳೂ ಒಪ್ಪಿಕೊಳ್ಳುತ್ತಿತ್ತು. ಕೊನೆಗೆ ಕೈ ಹಿಡಿಯುವುದೇ ನಿಂತಿತು. ಕೆಟ್ಟದ್ದೇನೂ ಆಗಲಿಲ್ಲ. ಹೆಚ್ಚು ಜನ ಬಂದರು, ಹೆಚ್ಚು ಜನ ಗುಣವಾದರು. ತನ್ನ ಜಾಗ ಎಲ್ಲಿಗೂ ಹೋಗಲಿಲ್ಲವೆಂದು ವೈದ್ಯನ ಭಯವೂ ಬಿಟ್ಟುಹೋಯಿತು. ಬೆಳಗಿನ ಪದ್ಧತಿ ಯಾವತ್ತು ತಪ್ಪಿತೋ ಅವನಿಗೇ ನೆನಪಿಲ್ಲ. ಹೆಂಡತಿ ಕೆಲವು ದಿನ ಬಂದು ನಿಂತು, ಆಮೇಲೆ ನೇರವಾಗಿ ಒಲೆಯ ಕಡೆಗೆ ಹೋಗತೊಡಗಿದಳು.

ಹೀಗೇ ವರ್ಷಗಳು ಕಳೆದವು. ಒಂದು ಬೆಳಗ್ಗೆ ಅವಳು ಹಾಸಿಗೆಯಿಂದ ಏಳಲಿಲ್ಲ. ಮೈ ತಣ್ಣಗಿತ್ತು, ಹಣೆಯ ಮೇಲೆ ಬೆವರಿತ್ತು. ವೈದ್ಯ ಯಂತ್ರ ಕಟ್ಟಿದ. ಹಸಿರು ದೀಪ ಹತ್ತಿತು. ಬಿಚ್ಚಿ ಮತ್ತೆ ಕಟ್ಟಿದ. ಮತ್ತೆ ಹಸಿರು. ಅವಳ ತುಟಿ ಬಿಳುಚುತ್ತಿತ್ತು.

ಅವನು ಯಂತ್ರವನ್ನು ಬದಿಗಿಟ್ಟು, ಎಷ್ಟೋ ಕಾಲದ ಮೇಲೆ, ಮೂರು ಬೆರಳನ್ನು ಅವಳ ಎಡಗೈ ಮೇಲಿಟ್ಟ. ನಾಡಿ ಆಡುತ್ತಿತ್ತು. ಆದರೆ ಇದು ಅವಳ ನಾಡಿಯ ಎಂದಿನ ನಡೆಯೇ? ಮೊದಲೂ ಹೀಗೇ ಇತ್ತೇ, ಇಲ್ಲ ಈಗ ತಪ್ಪಿದೆಯೇ? ಯಂತ್ರ ಅವಳನ್ನು ಸಾವಿರಾರು ಜನರೊಂದಿಗೆ ಹೋಲಿಸಿ ಸರಿಯಿದ್ದಾಳೆ ಎಂದಿತ್ತು. ಅವಳನ್ನು ಅವಳೊಂದಿಗೇ ಹೋಲಿಸಬಲ್ಲದ್ದು ಅವನ ಬೆರಳೊಂದೇ. ಅದಕ್ಕೆ ಏನೂ ನೆನಪಿರಲಿಲ್ಲ. ಕಣ್ಣು ಮುಚ್ಚಿ ಹುಡುಕಿದ. ಭಯದಿಂದ ಅವನ ಎದೆ ಎಷ್ಟು ಹೊಡೆದುಕೊಳ್ಳುತ್ತಿತ್ತೆಂದರೆ, ಬೆರಳ ತುದಿಯಲ್ಲಿ ಬಡಿಯುತ್ತಿರುವುದು ಅವಳದೋ ತನ್ನದೋ ತಿಳಿಯಲಿಲ್ಲ.

"ನಿನ್ನ ನಾಡಿ ಮೊದಲಿನಿಂದಲೂ ಹೀಗೇ ಇತ್ತೇನೇ?" ಎಂದು ಅವಳನ್ನೇ ಕೇಳಿದ.

ಅಷ್ಟು ಹೊತ್ತೂ ಗಂಡನ ಕೈಯಲ್ಲಿ ಕೈಯಿದೆ ಎಂದು ಧೈರ್ಯವಾಗಿದ್ದವಳು ಆ ಮಾತು ಕೇಳಿ ಹೆದರಿಬಿಟ್ಟಳು. "ನನಗೇನು ಗೊತ್ತು? ಅದನ್ನು ಬಲ್ಲವರು ನೀವೊಬ್ಬರೇ ಅಲ್ಲವೇ?" ಎಂದಳು.

ಗುರುಗಳು ಅಲ್ಲಿಗೇ ಕತೆ ನಿಲ್ಲಿಸಿದರು. ಮುಂದೆ ಹೇಳಿಯಾರೆಂದು ಶಿಷ್ಯ ಕಾದ. ಕೊನೆಗೆ ತಡೆಯಲಾರದೆ, "ಆಕೆ ಬದುಕಿದಳೇ?" ಎಂದು ಕೇಳಿದ.

"ಬೆಳಗಿನಿಂದ ನೀನು ರೋಗಿಯ ಗತಿ ಕೇಳಿದ್ದು ಇದೇ ಮೊದಲು" ಎಂದರು ಗುರುಗಳು.